ಹದಿನಾಲ್ಕನೆಯ ಚೀಟಿ

ಚೌಕಟ್ಟಿನಲ್ಲಿ ಮೀನು ಮಾರುವವಳು ಇರಲಿಲ್ಲ! ಅವಳ ಜಾಗದಲ್ಲಿ ಕೆಂಪು ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು.

ಲುಸಾಕಾ ನಗರದ ಆ ಪುಟ್ಟ ಚಿತ್ರಶಾಲೆಯ ಒಡತಿ ನಮುಕೋಲೊ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಳು. ಪ್ರದರ್ಶನ ಶುರುವಾಗಲು ಇನ್ನು ಎರಡೇ ಗಂಟೆ. ಎದುರಿಗೆ ಹನ್ನೊಂದು ವರ್ಷದಿಂದ ಕಾವಲಿಗಿದ್ದ ಮುದುಕ ಕಪೆಂಬ್ವಾ ಬೀಗದ ಕೈ ಹಿಡಿದು ನಿಂತಿದ್ದ.

ಪಕ್ಕದ ಮನೆಯ ನಿವೃತ್ತ ಪೊಲೀಸ್ ಲಿಕಾಂಡೊ ಮೆಲ್ಲಗೆ ಒಳಗೆ ಬಂದ. ಆತುರ ಎಂದರೆ ಆತನಿಗೆ ಆಗಿಬರುತ್ತಿರಲಿಲ್ಲ.

"ಏನಮ್ಮಾ ಇದು ಗಲಾಟೆ?"

"ನನ್ನ ಮಾನ ಹರಾಜಾಯ್ತು! ಬಾಗಿಲು ಮುರಿದಿಲ್ಲ, ಕಿಟಕಿ ಮುರಿದಿಲ್ಲ. ಚೌಕಟ್ಟು ಅದೇ, ಅದರ ಪಕ್ಕದ ಅಂಚಿಗೆ ಹದಿನಾಲ್ಕನೇ ನಂಬರಿನ ಚೀಟೀನೂ ಇದೆ. ಚಿತ್ರ ಮಾತ್ರ ಬೇರೆ! ಬೀಗದ ಕೈ ಇರೋದು ಈ ಮುದುಕನ ಹತ್ರ. ಪೊಲೀಸರಿಗೆ ಫೋನ್ ಮಾಡಿದೀನಿ."

"ಚಿತ್ರ ಇಳಿಸಿ ನೋಡಿದ್ಯಾ?"

"ಬೆರಳಚ್ಚು ಅಳಿಸಿಹೋಗಲ್ವಾ? ಯಾರೂ ಮುಟ್ಟಕೂಡದು ಅಂದಿದೀನಿ."

"ಕದ್ದು, ಬದಲಿಗೆ ಇಷ್ಟು ಚೆಂದದ ಚಿತ್ರ ಇಟ್ಟು ಹೋಗ್ತಾನಾ? ಇಂಥ ಧಾರಾಳಿ ಕಳ್ಳನ್ನ ನಾನು ನೋಡೇ ಇಲ್ಲ."

"ಸಾರ್," ಕಪೆಂಬ್ವಾ ಅತ್ತೇಬಿಟ್ಟ. "ಈ ವಯಸ್ಸಲ್ಲಿ ನನಗೆ ಜೈಲಾ? ಮೊಮ್ಮಕ್ಕಳಿಗೆ ಯಾವ ಮುಖ ತೋರಿಸ್ಲಿ?"

ಲಿಕಾಂಡೊ ಚೌಕಟ್ಟಿನ ಹತ್ತಿರ ಹೋಗಿ ಅದರ ಅಂಚುಗಳನ್ನು ಕಣ್ಣಲ್ಲೇ ಪರೀಕ್ಷಿಸಿದ. ದನಿ ಏರಿಸದೆ ಕೇಳಿದ.

"ಈ ಚಿತ್ರ ಕೊನೆಗೆ ಮುಟ್ಟಿದ್ದು ಯಾರು?"

"ನಾನೇ," ಎಂದಳು ನಮುಕೋಲೊ. "ನಿನ್ನೆ ಸಂಜೆ ದಾರ ಸಡಿಲವಾಗಿತ್ತು. ಕೆಳಗಿಳಿಸಿದೆ — ತಕ್ಷಣ ಕರೆಂಟ್ ಹೋಯ್ತು. ದಿನಾ ಇದ್ದದ್ದೇ ಅಲ್ವಾ? ಹೇಗೋ ಬಿಗಿದು ನೇತುಹಾಕಿ ಮನೆಗೆ ಹೋದೆ."

ಅಷ್ಟರಲ್ಲಿ ಚಿತ್ರ ಬರೆದ ಚಿಪೇಗೊ ಬಂದಳು. ಕ್ಷೌರದಂಗಡಿಗಳಿಗೆ ಫಲಕ ಬರೆದು ಬದುಕುವವಳು. ಇದು ಅವಳ ಮೊದಲ ಪ್ರದರ್ಶನ. ಬಸ್ಸನ್ನು ನೋಡಿದಳು, ಅಳುತ್ತಿದ್ದ ಮುದುಕನನ್ನು ನೋಡಿದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ನಿನ್ನ ಚಿತ್ರ ಕಳೆದುಹೋಗಿದೆ. ಎಲ್ಲಿ ಅಂತಾನೂ ಕೇಳಲ್ವಲ್ಲ?" ಎಂದ ಲಿಕಾಂಡೊ.

"ಆ ತಾತನ್ನ ಬಿಟ್ಬಿಡಿ. ಅವರು ಕದ್ದಿಲ್ಲ."

"ಮತ್ಯಾರು?"

"ಹೇಳಿದ್ರೆ... ನನ್ನ ಹೊರಗೆ ಹಾಕ್ತಾರೆ."

"ಹಾಗಾದ್ರೆ ನಾನೇ ಹೇಳ್ತೀನಿ. ನಮುಕೋಲೊ, ಚಿತ್ರದ ನಂಬರಿನ ಚೀಟಿ ಎಲ್ಲಿ ಅಂಟಿಸ್ತಾರೆ?"

"ಚಿತ್ರದ ಬೆನ್ನಿಗೆ. ಇನ್ನೆಲ್ಲಿ?"

"ಎಲ್ಲಾ ಚಿತ್ರಕ್ಕೂ ಅಲ್ಲೇ. ಇದಕ್ಕೆ ಮಾತ್ರ ಚೌಕಟ್ಟಿನ ಪಕ್ಕದ ಅಂಚಿಗೆ. ಯಾಕೆ? ದಾರ ಕೂಡ ಹಿಂದೆ ಇಲ್ಲ, ಮೇಲಂಚಿಗೆ ಕಟ್ಟಿದೆ. ಯಾಕೆ? ಈ ಚಿತ್ರಕ್ಕೆ ಬೆನ್ನೇ ಇಲ್ಲ!"

ಲಿಕಾಂಡೊ ಚೌಕಟ್ಟನ್ನು ತಿರುಗಿಸಿದ. ಮೀನು ಮಾರುವವಳು ಬುಟ್ಟಿ ಸಮೇತ ನಗುತ್ತಿದ್ದಳು!

"ಕತ್ತಲಲ್ಲಿ ಉಲ್ಟಾ ನೇತುಹಾಕಿದ ಅಪರಾಧಿ ನೀನೇ ಕಣಮ್ಮಾ."

"ಅಯ್ಯೋ!" ನಮುಕೋಲೊ ಹಣೆ ಚಚ್ಚಿಕೊಂಡಳು. "ಚೀಟಿ ಇರೋ ಕಡೆ ಗೋಡೆಗೆ ಬರಲಿ ಅಂತ ಎರಡೂ ಕಡೆ ಕೈಯಾಡಿಸಿದೆ. ಸಿಗಲಿಲ್ಲ. ಉದುರಿಹೋಗಿರಬೇಕು ಅಂದ್ಕೊಂಡೆ!"

ಚಿಪೇಗೊ ತಲೆ ತಗ್ಗಿಸಿದಳು. "ಒಂದೊಂದು ಚಿತ್ರಕ್ಕೂ ಇನ್ನೂರು ಕ್ವಾಚಾ ಪ್ರವೇಶ ಶುಲ್ಕ. ಒಂದಕ್ಕೆ ಹೊಂದಿಸೋಕೇ ಆರು ಫಲಕ ಬರೆದೆ ಅಮ್ಮಾ. ಇನ್ನೊಂದನ್ನ ಮನೇಲಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಯಾರಾದ್ರೂ ತಿರುಗಿಸಿ ನೋಡ್ಲಿ ಅಂತ ಹಿಂದುಗಡೆ ಬರೆದು, ಚೀಟಿಯನ್ನ ಅಂಚಿಗೆ ಅಂಟಿಸಿ ನಾನೇ ನೇತುಹಾಕಿದ್ದೆ. ಮೋಸ ಅಂತೀರಾ?"

ನಮುಕೋಲೊ ಬಸ್ಸನ್ನೂ ಮೀನಿನವಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಇಂಥ ಎಷ್ಟು ಚಿತ್ರಗಳು ತನ್ನ ಇನ್ನೂರು ಕ್ವಾಚಾಕ್ಕೆ ಹೆದರಿ ಮನೆಯಲ್ಲೇ ಉಳಿದಿರಬಹುದು ಎಂದು ಅವಳಿಗೆ ಸಂಕಟವಾಯಿತು.

"ಮೋಸ ನನ್ನದು. ಇನ್ಮೇಲೆ ಮುಂಗಡ ಶುಲ್ಕ ಬೇಡ. ಚಿತ್ರ ಮಾರಾಟವಾದ್ರೆ ಅದರಲ್ಲಿ ನನ್ನ ಪಾಲು ಕೊಟ್ಟರೆ ಸಾಕು. ಇದನ್ನ ಗೋಡೆಗೆ ಹಾಕೋದು ಬೇಡ, ಮಧ್ಯದ ತೊಲೆಗೆ ಕಟ್ಟೋಣ. ಎರಡೂ ಮುಖ ಕಾಣ್ಲಿ."

ಆಮೇಲೆ ಕಪೆಂಬ್ವಾನ ಮುಂದೆ ಮಂಡಿಯೂರಿ, ಆ ಸೀಮೆಯವರು ಹಿರಿಯರ ಕ್ಷಮೆ ಬೇಡುವಂತೆ ಅಂಗೈಗಳನ್ನು ಮೆಲ್ಲಗೆ ತಟ್ಟಿದಳು. "ತಪ್ಪಾಯ್ತು ತಾತಾ."

"ಎದ್ದೇಳಮ್ಮಾ, ಹೊಸ ಬಟ್ಟೆ ಧೂಳಾಗುತ್ತೆ," ಎಂದು ಮುದುಕ ಕಣ್ಣೊರೆಸಿಕೊಂಡ.

ಹೊರಗೆ ಜೀಪು ನಿಂತಿತು. ಪೊಲೀಸನೊಬ್ಬ ದಡದಡ ಒಳಗೆ ನುಗ್ಗಿದ. "ಎಲ್ಲಿ ಕಳ್ಳ?"

ಕಪೆಂಬ್ವಾ ಎದೆ ಸೆಟೆಸಿ ಬಾಗಿಲಿಗೆ ಅಡ್ಡ ನಿಂತ.

"ಕಳ್ಳ ಯಾರೂ ಇಲ್ಲ ಸಾರ್, ಇಲ್ಲಿರೋದು ಕಾವಲುಗಾರ. ಪ್ರದರ್ಶನ ಹತ್ತು ಗಂಟೆಗೆ. ಅಲ್ಲೀತನಕ ಹೊರಗೆ ನಿಂತ್ಕೊಳ್ಳಿ."