ಮರಳು ಅಂಟದ ಮೇಣ

"ನನ್ನ ಗಂಡ ದೇಶದ್ರೋಹಿ ಅಲ್ಲ. ಅಲ್ಲಿ ಯುದ್ಧ ಮಾಡೋಕೆ ಕಾರಣವೇ ಇಲ್ಲ ಅಂದ್ರು, ಅಷ್ಟೇ ಅವರ ತಪ್ಪು," ಎಂದರು ರಾಯಭಾರಿಯ ಹೆಂಡತಿ. ಅವರ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

ಪತ್ತೇದಾರರು ಅದನ್ನು ಬರೆದುಕೊಂಡರು. ಪಕ್ಕದಲ್ಲಿ ಅವರ ಭಾವಮೈದುನ, ದಂತವೈದ್ಯ, ಕೂತಿದ್ದ. ಭಾವ ಹೊರಟರೆಂದರೆ ರೋಗಿಯ ಬಾಯಿ ತೆರೆದಂತೆಯೇ ಬಿಟ್ಟು ಹಿಂದೆ ಓಡುವ ಆಸಾಮಿ.

ಕಡಲಾಚೆಯ ಪುಟ್ಟ ದೇಶದ ಹೊಸ ಸರ್ಕಾರ ತನ್ನ ತಾಮ್ರದ ಗಣಿಯನ್ನು ಇಲ್ಲಿನ ಕಂಪನಿಯಿಂದ ವಾಪಸು ಪಡೆದಿತ್ತು. ಅದರ ಬೆನ್ನಿಗೇ ಅಲ್ಲಿನ ಕಡಲದಂಡೆಯಲ್ಲಿ, ತಿಂಗಳುಗಟ್ಟಲೆ ಮರಳಲ್ಲಿ ಹೂತಿದ್ದ ಬಂದೂಕಿನ ಪೆಟ್ಟಿಗೆಗಳು ಸಿಕ್ಕವಂತೆ. ನಮ್ಮ ಮೇಲೆ ದಾಳಿ ಮಾಡಲು ವೈರಿಗಳು ಕಳಿಸಿದ್ದವಂತೆ. ಅದನ್ನು ಮುಚ್ಚಿಟ್ಟ ಆರೋಪದಲ್ಲಿ, ಅಲ್ಲಿದ್ದ ನಮ್ಮ ರಾಯಭಾರಿ ಸೆರೆಯಲ್ಲಿದ್ದರು. ಸಂಜೆಗೆ ಸೈನ್ಯ ಹಡಗು ಹತ್ತಲಿತ್ತು.

ಸೇನಾಪತಿ ಪತ್ತೇದಾರರ ಶಾಲೆಯ ಗೆಳೆಯ. ಯುದ್ಧಕ್ಕೆ ಆಜ್ಞೆ ಕೊಟ್ಟ ಮಂತ್ರಿಯ ಕೋಣೆಗೆ ಇಬ್ಬರನ್ನೂ ಬಿಟ್ಟದ್ದು ಅವರೇ. ಅಲ್ಲಿ ಆ ಬಂದೂಕಿನ ಪೆಟ್ಟಿಗೆಗಳಲ್ಲಿ ಒಂದನ್ನು ಪ್ರದರ್ಶನಕ್ಕಿಟ್ಟಿದ್ದರು. ಕೈ ಸುಮ್ಮನಿರದ ದಂತವೈದ್ಯ ಅದರ ತಿರುಪಿನ ತೂತಿಗೆ ಉಗುರು ಹಾಕಿದ. ಉಗುರಿಗೆ ಕೆಂಪು ಬಣ್ಣದ್ದೇನೋ ಬಂತು.

"ಭಾವ, ಇದು ಮೇಣ. ಹಲ್ಲಿನ ಅಚ್ಚಿಗೆ ನಾವು ಬಳಸ್ತೀವಲ್ಲ, ಹಾಗೇ ಮೆತ್ತಗಿದೆ. ಸೋಕಿದ್ದನ್ನೆಲ್ಲ ಅಂಟಿಸ್ಕೊಳ್ಳುತ್ತೆ."

ಪತ್ತೇದಾರರು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಗೋಡೆಯ ಹೊಸ ಗಡಿಯಾರವನ್ನು ದಿಟ್ಟಿಸಿ, ಮೂಲೆಯಲ್ಲಿದ್ದ ಅದರ ಖಾಲಿ ಪೆಟ್ಟಿಗೆಯಿಂದ ಒಂದು, ಬಂದೂಕಿನ ಪೆಟ್ಟಿಗೆಯಿಂದ ಒಂದು ತಿರುಪು ಬಿಚ್ಚಿ ಜೇಬಿಗಿಳಿಸಿದರು.

ಮಧ್ಯಾಹ್ನ ಅದೇ ಕೋಣೆಯಲ್ಲಿ ಮಂತ್ರಿ, ಕಂಪನಿಯ ನಿರ್ದೇಶಕ, ಸೇನಾಪತಿ ಮತ್ತು ರಾಯಭಾರಿಯ ಹೆಂಡತಿ ಸೇರಿದರು.

"ಈ ಗಡಿಯಾರ ಚೆನ್ನಾಗಿದೆ. ಯಾರು ಕೊಟ್ರು?" ಪತ್ತೇದಾರರು ಕೇಳಿದರು.

"ನಾವೇ ಕಳಿಸಿದ್ದು. ನಮ್ಮ ಗೋದಾಮಲ್ಲೇ ಪ್ಯಾಕ್ ಆಗಿದ್ದು," ಎಂದು ನಿರ್ದೇಶಕ ಬೀಗಿದ.

ಪತ್ತೇದಾರರು ಎರಡು ತಿರುಪುಗಳನ್ನು ಮೇಜಿನ ಮೇಲಿಟ್ಟರು. ಎರಡಕ್ಕೂ ಅದೇ ಕೆಂಪು ಮೇಣ.

"ಗಣಿಯ ಯಂತ್ರ ಹಡಗಲ್ಲಿ ಹೋಗುತ್ತೆ. ತಿರುಪು ತುಕ್ಕು ಹಿಡೀಬಾರದು ಅಂತ ನಿಮ್ಮ ಗೋದಾಮಿನವರು ಮೇಣಕ್ಕದ್ದಿ ಬಿಗೀತಾರೆ. ಗಡಿಯಾರ ಇರಲಿ, ಬಂದೂಕಿರಲಿ, ಕೈಯ ಅಭ್ಯಾಸ ಬಿಡಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ."

"ನಮ್ಮ ಹಳೇ ಪೆಟ್ಟಿಗೆಗಳು ಅಲ್ಲಿ ಎಷ್ಟೋ ಬಿದ್ದಿವೆ. ವೈರಿಗಳು ಅವನ್ನೇ ಬಳಸಿರಬೇಕು," ಎಂದ ನಿರ್ದೇಶಕ.

"ಬಳಸಿ, ಮರಳಲ್ಲಿ ಹೂತ್ರು. ಅಲ್ವಾ?" ಪತ್ತೇದಾರರು ಭೂತಗನ್ನಡಿಯನ್ನು ಸೇನಾಪತಿಯತ್ತ ಚಾಚಿದರು. "ನೋಡು. ತಿಂಗಳುಗಟ್ಟಲೆ ಮರಳಲ್ಲಿದ್ದ ಮೆತ್ತನೆ ಮೇಣಕ್ಕೆ ಒಂದು ಕಣವೂ ಅಂಟಿಲ್ಲ. ಈ ಪೆಟ್ಟಿಗೆ ಆ ಕಡಲದಂಡೆ ಕಂಡೇ ಇಲ್ಲ. ಇವರ ಗೋದಾಮಿಂದ ನೆಟ್ಟಗೆ ಮಂತ್ರಿಗಳ ಕೋಣೆಗೆ ಬಂದಿದೆ."

ದಂತವೈದ್ಯನಿಗೆ ಚಪ್ಪಾಳೆ ತಟ್ಟಬೇಕೆನಿಸಿತು. ಮಂತ್ರಿ ಮಾತ್ರ ನಕ್ಕರು.

"ಇರಬಹುದು ಪತ್ತೇದಾರರೇ. ಇದನ್ನ ಹೊರಗೆ ಹೇಳಿದ್ರೆ ನಿಮಗೂ ಅದೇ ಸೆರೆಮನೆ. ಹಡಗು ಸಂಜೆ ಹೊರಡುತ್ತೆ."

"ಸೆರೆಮನೇಲಿ ರಾಯಭಾರಿಗಳ ಪಕ್ಕದ ಕೋಣೆನೇ ಕೊಡಿ. ಅವರ ಹತ್ರ ಮಾತಾಡೋದು ಬಹಳ ಇದೆ."

ರಾಯಭಾರಿಯ ಹೆಂಡತಿ ಎದ್ದು ಪತ್ತೇದಾರರ ಪಕ್ಕ ನಿಂತರು. "ಇನ್ನೊಂದು ಕೋಣೆ ನನಗಿರಲಿ."

ಸೇನಾಪತಿ ಆ ಕೆಂಪು ಮೇಣವನ್ನು ಬೆರಳಲ್ಲಿ ಹೊಸಕಿ ನೋಡಿದರು. ಆಮೇಲೆ ಟೋಪಿ ತೆಗೆದು ಮಂತ್ರಿಯ ಮೇಜಿನ ಮೇಲಿಟ್ಟರು.

"ಹಡಗು ಹೊರಡಲಿ ಸ್ವಾಮಿ. ನೀವೂ ನಿರ್ದೇಶಕರೂ ಹತ್ತಿ," ಎಂದರು. "ನನ್ನ ಹುಡುಗರು ಬರಲ್ಲ."