ಹೊಸ ರೇಡಿಯೇಟರಿನೊಳಗಿನ ಹಳೇ ಕೆಸರು

ಕೆಳಗಿನ ಗ್ಯಾರೇಜಿನ ಮೆಕ್ಯಾನಿಕ್ ಅಂದು ಬೆಳಿಗ್ಗೆ ನಮ್ಮ ಮೆಟ್ಟಿಲು ಹತ್ತಿ ಬಂದಾಗ ಅವಳ ಕೈ ಖಾಲಿಯಿತ್ತು. ಏನೋ ಎಡವಟ್ಟಾಗಿದೆ ಎಂದು ನನಗೆ ಆಗಲೇ ಅನ್ನಿಸಿತು, ಯಾಕೆಂದರೆ ಇಡೀ ಬೀದಿ ಅವಳನ್ನು ಕರೆಯುವುದೇ ಸ್ಪ್ಯಾನರಕ್ಕ ಎಂದು. ಅವಳು ಅತ್ತಿಗೆಯ ಎದುರು ಕೂತು, "ನನ್ನ ಕಳ್ಳಿ ಅಂದ್ಬಿಟ್ರು, ಟೀಚರ್" ಎಂದಳು.

ಅತ್ತಿಗೆ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರು. ಕಾರು ಓಡಿಸಲು ಬಾರದು, ಚಕ್ರ ಎಷ್ಟೆಂದು ಕೇಳಿದರೂ ಒಮ್ಮೆ ಎಣಿಸಿಯೇ ಹೇಳುತ್ತಾರೆ. ಆದರೂ ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ಅವರ ಹತ್ತಿರ. ನಾನು ಅವರ ಮೈದುನ. ಅವರ ಚೀಲ ಹೊರುವುದು, ಅವರು ಹೇಳಿದ್ದಕ್ಕೆಲ್ಲ ಬೆರಗಾಗುವುದು, ಇವೆರಡೂ ನನ್ನ ಕೆಲಸ.

ಎರಡು ವಾರದ ಹಿಂದೆ ಸ್ಪ್ಯಾನರಕ್ಕ ದನದ ಡಾಕ್ಟರ ಹಳೇ ಕಾರಿಗೆ ಎಂಜಿನ್ನಿನ ನೀರು ತಣಿಸುವ ಹೊಸ ರೇಡಿಯೇಟರ್ ಹಾಕಿದ್ದಳು. ನಿನ್ನೆ ಆ ಕಾರು ನಡುದಾರಿಯಲ್ಲಿ ಕುದಿದು ನಿಂತಿತ್ತು. ಬಿಚ್ಚಿ ನೋಡಿದರೆ ರೇಡಿಯೇಟರಿನ ತುಂಬ ತುಕ್ಕಿನ ಕೆಸರು. ಹೊಸದನ್ನು ಮಾರಿಕೊಂಡು ಯಾವುದೋ ಹಳೆಯದಕ್ಕೆ ಬಣ್ಣ ಬಳಿದು ಕೂರಿಸಿದ್ದಾಳೆ ಎಂದು ಗ್ಯಾರೇಜಿನ ಯಜಮಾನರು ತೀರ್ಮಾನಿಸಿಬಿಟ್ಟಿದ್ದರು. ಅಷ್ಟಕ್ಕೇ ಬಿಡದೆ ಅವಳ ಅಪ್ಪನಿಗೂ ಫೋನ್ ಮಾಡಿ ಹೇಳಿದ್ದರು. ಅಪ್ಪ ಅದೇ ಗ್ಯಾರೇಜಿನ ಹಳೇ ಮೇಸ್ತ್ರಿ, ಅವಳಿಗೆ ಕೆಲಸ ಕಲಿಸಿದ ಗುರು. ನಿನ್ನೆಯಿಂದ ಅವರು ಮಗಳ ಜೊತೆ ಮಾತು ಬಿಟ್ಟಿದ್ದರು.

"ಕೆಲಸ ಹೋದ್ರೆ ಹೋಗ್ಲಿ, ಇನ್ನೊಂದು ಸಿಗುತ್ತೆ. ಅಪ್ಪ ನಂಬಿಬಿಟ್ರಲ್ಲ, ಅದೇ ತಡ್ಕೊಳ್ಳೋಕಾಗ್ತಿಲ್ಲ" ಎಂದಳು.

ಅತ್ತಿಗೆ ಕನ್ನಡಕ ಹಾಕಿಕೊಂಡರು. ಆ ದಿನ ಏನೇನು ಮಾಡಿದೆ, ಒಂದೂ ಬಿಡದೆ ಹೇಳು ಎಂದರು. ಅವಳು ಹೇಳಿದಳು. ಕೊಳೆಯೆಲ್ಲ ಹೊಸದಕ್ಕೆ ಹೋಗಬಾರದೆಂದು, ಹಳೇ ರೇಡಿಯೇಟರ್ ಇರುವಾಗಲೇ ನೀರು ತುಂಬಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆರಿದ ಮೇಲೆ ಬಸಿದು, ಮತ್ತೆ ತುಂಬಿ ತೊಳೆದಿದ್ದಳು. ಸೀಟಿನ ಮುಂದಿನ ಹೀಟರಿನ ತಿರುಪನ್ನು ಮೊದಲೇ ಪೂರ್ತಿ ಬಿಸಿಗೆ ತಿರುಗಿಸಿದ್ದಳು. ಹೀಟರಿನೊಳಗೂ ಎಂಜಿನ್ನಿನ ಅದೇ ನೀರು ಹರಿಯುವ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ತಿರುಪು ಮುಚ್ಚಿದ್ದರೆ ಅದಕ್ಕೆ ನೀರೇ ಹೋಗುವುದಿಲ್ಲ. ಬಸಿದ ನೀರನ್ನು ಬಾಟಲಿಗೆ ಹಿಡಿದು, ಅದರಾಚೆ ಪತ್ರಿಕೆಯ ಸಣ್ಣಕ್ಷರ ಓದಲು ಬರುವವರೆಗೂ ತೊಳೆಯಬೇಕೆಂಬುದು ಅಪ್ಪ ಹಾಕಿಕೊಟ್ಟ ಕ್ರಮ. ಮೂರನೇ ಸಲಕ್ಕೆ ಓದಲು ಬಂದಿತ್ತು.

ನಾವು ಕೆಳಗಿಳಿದೆವು. ಯಜಮಾನರು ಕೆಟ್ಟವರಲ್ಲ, ಮೂಗಿನ ತುದಿಯಲ್ಲೇ ಕೋಪ ಅಷ್ಟೆ. ತೊಳೆಯುವಾಗ ತಾವೇ ಇದ್ದೆವೆಂದು ಅವರೇ ಹೇಳಿದರು. "ಅವಳು ಕಾರಿನ ಕೆಳಗಿದ್ಲು. ನಾನು ಒಳಗೆ ಕೂತು ಆಕ್ಸಿಲರೇಟರ್ ಒತ್ತಿ ಹಿಡಿದಿದ್ದೆ. ಮೂರು ಸಲವೂ ಸೇರಿ ಮುಕ್ಕಾಲು ಗಂಟೆ, ಮೊದಲಿಂದ ಕೊನೇತನಕ ಪೇಪರ್ ಓದಿದೆ. ಆಮೇಲೆ ನಾನು ಊಟಕ್ಕೆ ಹೋದೆ. ಕಳ್ಳತನ ನಡೆದಿದ್ದು ಆಗ್ಲೇ."

ಆವತ್ತು ಬಿಸಿಲು ಹೇಗಿತ್ತು ಎಂದು ಅತ್ತಿಗೆ ಕೇಳಿದರು. ನೆಲಕ್ಕೆ ಕಾಲಿಡುವ ಹಾಗಿರಲಿಲ್ಲ ಎಂದರು ಯಜಮಾನರು. ಅತ್ತಿಗೆ ಸುಮ್ಮನೆ ತಲೆಯಾಡಿಸಿ, ರೇಡಿಯೇಟರಿನ ಬಾಯೊಳಗೆ ಬೆರಳು ಹಾಕಿ ಒಮ್ಮೆ ಒರೆಸಿದರು. ಬೆರಳು ಕಂದಾಗಿ ಬಂತು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿಸಿ, ನಿನ್ನೆ ಹೊಸದಾಗಿ ಏನಾದರೂ ಮಾಡಿದಿರಾ ಎಂದು ಕೇಳಿದರು. ಏನಿಲ್ಲ, ಮೊನ್ನೆ ಮಳೆ ಬಂದು ನಿನ್ನೆ ಬೆಳಿಗ್ಗೆ ಗಾಜಿಗೆಲ್ಲ ಮಂಜು ಕೂತಿತ್ತು, ಬಿಸಿಗಾಳಿ ಹಾಕಿದ್ದೆ ಎಂದರು ಅವರು. ಸಂಜೆ ನಾಲ್ಕಕ್ಕೆ ಎಲ್ಲರೂ ಗ್ಯಾರೇಜಿನಲ್ಲಿ ಸೇರಬೇಕೆಂದು ಅತ್ತಿಗೆ ಹೇಳಿದರು. ನನಗೆ ತಲೆಬುಡ ತಿಳಿದಿರಲಿಲ್ಲ, ಆದರೆ ಅವರ ದನಿ ಕೇಳಿ ಧೈರ್ಯ ಬಂತು.

ನಾಲ್ಕಕ್ಕೆ ನಾವು ಐವರು ಆ ಕಾರಿನ ಸುತ್ತ ನಿಂತಿದ್ದೆವು. ಅತ್ತಿಗೆ ಹಳೇ ಕ್ಲಾಸಿನ ದನಿಯಲ್ಲಿ ಶುರು ಮಾಡಿದರು.

"ವರ್ಷಗಟ್ಟಲೆ ಕೂತ ತುಕ್ಕು ಲೋಹಕ್ಕೆ ಕಚ್ಚಿಕೊಂಡಿರುತ್ತೆ. ಇದು ಬೆರಳಿಗೇ ಬಂತು, ಅಡಿಯಲ್ಲಿ ಲೋಹ ಫಳಫಳ ಅಂತಿದೆ. ಅಂದ್ರೆ ರೇಡಿಯೇಟರ್ ಹೊಸದೇ, ಕೆಸರು ಬೇರೆ ಕಡೆಯಿಂದ ಬಂದಿದೆ. ಎರಡು ವಾರ ಬಾರದ್ದು ನಿನ್ನೆ ಯಾಕೆ ಬಂತು? ನಿನ್ನೆ ಡಾಕ್ಟರು ಮೊದಲ ಸಲ ಹೀಟರ್ ಹಾಕಿದ್ರು."

ಅವರು ಸನ್ನೆ ಮಾಡಿದಾಗ ಸ್ಪ್ಯಾನರಕ್ಕ ಹೀಟರಿನ ಎರಡು ಪೈಪು ಕಳಚಿ, ಒಂದಕ್ಕೆ ನಲ್ಲಿ ನೀರು ಬಿಟ್ಟಳು. ಇನ್ನೊಂದರಿಂದ ಇಟ್ಟಿಗೆ ಬಣ್ಣದ ನೀರು ಬಕೆಟ್ಟಿಗೆ ಸುರಿಯಿತು.

"ಅಂದ್ರೆ ಇವಳು ಹೀಟರ್ ತೆರೆದೇ ಇರ್ಲಿಲ್ಲ. ಕಳ್ಳಿ ಅಲ್ದಿದ್ರೂ ಬೇಜವಾಬ್ದಾರಿ" ಎಂದರು ಯಜಮಾನರು.

ಸ್ಪ್ಯಾನರಕ್ಕ ತಲೆ ತಗ್ಗಿಸಿದಳು. ಅತ್ತಿಗೆ ಮಾತ್ರ ನಕ್ಕರು.

"ಯಜಮಾನ್ರೇ, ಅಂಥಾ ಬಿಸಿಲಲ್ಲಿ, ಹೀಟರ್ ಪೂರ್ತಿ ಹಾಕಿದ ಕಾರಿನೊಳಗೆ, ಮುಕ್ಕಾಲು ಗಂಟೆ ಕೂತು ಪೇಪರ್ ಓದೋಕಾಗುತ್ತಾ?"

ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡು ಒಪ್ಪಿಕೊಂಡರು. ಎಂಜಿನ್ ಬಿಸಿಯಾಗುತ್ತಿದ್ದಂತೆ ಮುಖಕ್ಕೆ ಬಿಸಿಗಾಳಿ ರಾಚಿತ್ತು, ಕೈಗೆ ಸಿಕ್ಕ ತಿರುಪು ತಿರುಗಿಸಿ ಮುಚ್ಚಿದ್ದರು, ಆಮೇಲೆ ಅದು ನೆನಪೇ ಇರಲಿಲ್ಲ. ಗ್ಯಾರೇಜು ನಡೆಸಿ ಇಪ್ಪತ್ತು ವರ್ಷವಾದರೂ ಅವರು ಸ್ಪ್ಯಾನರ್ ಹಿಡಿದವರಲ್ಲ. ಹೀಟರಿಗೂ ರೇಡಿಯೇಟರಿಗೂ ಸಂಬಂಧವಿದೆ ಎಂಬುದೇ ಅವರಿಗೆ ಹೊಸ ಸುದ್ದಿ.

"ಮುಗಿದ ಮೇಲೆ ನಾನೊಂದ್ಸಲ ನೋಡ್ಬೇಕಿತ್ತು. ಅಷ್ಟು ತಪ್ಪು ನಂದೂ ಇದೆ" ಎಂದಳು ಸ್ಪ್ಯಾನರಕ್ಕ. ಅವಳ ಮೇಲೆ ನನಗಿದ್ದ ಗೌರವ ಆ ಕ್ಷಣದಲ್ಲಿ ಇಮ್ಮಡಿಯಾಯಿತು.

ಯಜಮಾನರು ಕ್ಷಮೆ ಕೇಳಿದರು, ನಾಳೆಯಿಂದಲೇ ಬಾ ಎಂದರು. ಅವಳು ಅಲುಗಾಡಲಿಲ್ಲ. ಅತ್ತಿಗೆ ಯಜಮಾನರ ಜೇಬಿನ ಫೋನ್ ಕಡೆ ಕಣ್ಣು ತೋರಿಸಿದರು. ಅವರಿಗೆ ಅರ್ಥವಾಯಿತು. ನಮಗೆಲ್ಲ ಕೇಳುವ ಹಾಗೆ ಹಳೇ ಮೇಸ್ತ್ರಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಹೇಳಿ, "ತಪ್ಪು ನಂದು, ಮೇಸ್ತ್ರಿ" ಎಂದರು.

ಆ ಕಡೆಯಿಂದ ಮುದಿ ದನಿಯೊಂದು ಕೇಳಿತು. "ನೀವು ಕೂರೋಕೆ ಮುಂಚೆ ಅವಳು ಹೀಟರ್ ತಿರುಗಿಸಿದ್ಲಾ?"

"ತಿರುಗಿಸಿದ್ಲು. ಪೂರ್ತಿ."

"ಹಾಗಾದ್ರೆ ನನ್ನ ಮಗಳಿಗೆ ಕೊಡಿ ಫೋನು."

ಅವಳು ಗ್ರೀಸ್ ಕೈಯಲ್ಲೇ ಫೋನ್ ಇಸಿದುಕೊಂಡು ಬಾಗಿಲಾಚೆ ಹೋದಳು. ಅತ್ತಿಗೆ ನಮ್ಮನ್ನೆಲ್ಲ ಒಳಗೇ ನಿಲ್ಲಿಸಿ ಬಾಗಿಲು ಮುಂದಕ್ಕೆಳೆದರು.