ಮಳೆಗೆ ಬಿಟ್ಟ ಮುಖ

"ಓಡೇ!" ಎಂದು ಕಿರುಚಿದೆ.

ಅವಳು ಓಡಲಿಲ್ಲ!

ಪ್ಲೋವ್ದಿವ್ ಹಳೇ ಪೇಟೆಯ ಮೇಲಿನ ಗಲ್ಲಿ. ಉರಿಬಿಸಿಲು. ಕೆಳಗಿನಿಂದ ಗೆಂಚೆವ್‌ನ ಆಳು ತ್ರೈಚೊ ಏರಿ ಬರುತ್ತಿದ್ದ. ಕೈಯಲ್ಲಿ ಕಬ್ಬಿಣದ ಸಲಾಕೆ. ಹುಡುಗಿ ಮಾತ್ರ ಮುಚ್ಚಿದ ಬಾಗಿಲೊಂದರ ಮುಂದೆ ನಿಂತು, ಅದಕ್ಕಂಟಿದ ಕಾಗದದ ಚೂರನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಮೆಲ್ಲಗೆ... ಗಾಯದ ಪಟ್ಟಿ ಬಿಚ್ಚುವವರ ಹಾಗೆ.

ಹೆಸರು ವೆಸೆಲಾ. ಸೋಫಿಯಾದಲ್ಲಿ ಓದುವವಳು. ವಾರದ ರಜೆಗೆ ಊರು ನೋಡಲು ಬಂದಿದ್ದಳು. ಸುತ್ತಾಡಿಸಲು ನನ್ನನ್ನು ಗೊತ್ತುಮಾಡಿದವನು ಗೆಂಚೆವ್. ಹಳೇ ಮನೆಗಳನ್ನು ಹೋಟೆಲು ಮಾಡುವ ಧಣಿ.

ಪೊಲೀಸ್ ಕೆಲಸ ಬಿಟ್ಟ ಮೇಲೆ ಕೊಳಕು ಕೆಲಸ ಬೇಕಾದಷ್ಟು ಮಾಡಿದ್ದೇನೆ. ಇದು ಚೊಕ್ಕಟವಾಗಿ ಕಂಡಿತು. ಅಲ್ಲೇ ಅನುಮಾನ ಬರಬೇಕಿತ್ತು!

"ನೋಡು ಸ್ಟಾಂಕಾ," ಎಂದಿದ್ದ ನನಗೆ, "ಈ ಹುಡುಗಿ ನಮ್ಮ ಕೆಲಸದವನ ಮಗಳು. ಅಪ್ಪ ಜರ್ಮನಿಗೆ ಹೋಗಿದಾನೆ. ಚೆನ್ನಾಗಿ ಊರು ತೋರಿಸು. ಮೇಲಿನ ಗಲ್ಲಿ ಮಾತ್ರ ಬೇಡ."

"ಯಾಕೆ?"

"ಹೋಟೆಲಿನ ಕೆಲಸ ನಡೀತಿದೆ. ಧೂಳು."

ಬಡವರ ಮಕ್ಕಳ ಮೇಲೆ ಕೂರುವ ಧೂಳಿನ ಬಗ್ಗೆ ಚಿಂತಿಸುವ ಧಣಿಯನ್ನು ಅವತ್ತೇ ಮೊದಲು ಕಂಡದ್ದು.

ಬೆಳಿಗ್ಗೆ ರೋಮನರ ರಂಗಮಂದಿರದ ಕಲ್ಲುಮೆಟ್ಟಿಲ ಮೇಲೆ ಕೂತು ಬಾನಿತ್ಸಾ ತಿಂದೆವು. ಗರಿಗರಿ ಪದರದ ಚೂರುಗಳನ್ನು ಮಡಿಲಿಂದ ಕೊಡವಿ, ಅವಳು ಫೋನಿನಲ್ಲಿ ಅಪ್ಪನ ಫೋಟೊ ತೋರಿಸಿದಳು. ಪ್ರೋದನ್. ಗಾರೆ ಕೆಲಸದವನು. ಬಿಳಿ ಶರಟು.

"ಈ ಗುಂಡಿ ನೋಡಿದ್ರಾ ಅತ್ತೆ? ಫೋಟೊ ತೆಗೆಯೋ ಹೊತ್ತಿಗೇ ಬಿಳಿ ಗುಂಡಿ ಕಿತ್ತುಹೋಯ್ತು. ನನ್ನ ಕೋಟಿನ ಕರಿ ಗುಂಡಿ ಹೊಲಿದೆ. 'ಮದುಮಗನ ಥರ ಇದ್ದೆ, ಕಳ್ಳನ ಥರ ಮಾಡ್ಬಿಟ್ಯಲ್ಲೇ' ಅಂತ ಬೈದ!"

"ಫೋನ್ ಮಾಡ್ತಾನಾ?"

"ಬರೀ ಮೆಸೇಜು. ಕೆಲಸ ಜಾಸ್ತಿಯಂತೆ." ಸ್ವಲ್ಪ ತಡೆದಳು. "ಮೊದಲೆಲ್ಲ ನನ್ನ ಇಲಿಮರಿ ಅಂತಿದ್ದ. ಈಗ 'ಪ್ರೀತಿಯ ಮಗಳೇ' ಅಂತ ಬರೀತಾನೆ. ಜರ್ಮನಿ ನೀರು ಕುಡಿದು ದೊಡ್ಡ ಮನುಷ್ಯ ಆಗ್ಬಿಟ್ಟ!"

ಅವಳು ನಕ್ಕಳು. ನಾನು ಬಾನಿತ್ಸಾ ಪಕ್ಕಕ್ಕಿಟ್ಟೆ.

ನಾನು ನೀರು ಕೊಳ್ಳಲು ತಿರುಗಿದ್ದೇ ತಡ, ಅಪ್ಪ ಕಟ್ಟಿದ ಗೋಡೆ ನೋಡಬೇಕೆಂದು ಮೇಲಿನ ಗಲ್ಲಿಗೆ ನುಸುಳಿದ್ದಳು.

ಅಲ್ಲಿ ಬಾಗಿಲು ಬಾಗಿಲಿಗೂ ಹರಿದ ಗುರುತು! ಅಂಟು ಇನ್ನೂ ಹಸಿ. ಒಂದರ ಮೇಲೆ ಕರಿ ಅಂಚು. ಇನ್ನೊಂದರ ಮೇಲೆ ಅರ್ಧ ಕಿವಿ.

"ಸಾವಿನ ಕಾಗದ ಅತ್ತೆ, ಇವೆಲ್ಲ. ಸತ್ತವರ ಮುಖ ಯಾರಾದ್ರೂ ಹರೀತಾರಾ? ನಮ್ಮವರು ಹರೀತಾರಾ?"

ಹರಿಯುವುದಿಲ್ಲ. ಶತ್ರುವಿನ ಮುಖವಾದರೂ ಕೈ ಹಚ್ಚುವುದಿಲ್ಲ. ಸತ್ತವರ ಫೋಟೊ, ಹೆಸರು ಅಚ್ಚುಹಾಕಿಸಿ ಬಾಗಿಲಿಗೆ ಅಂಟಿಸುವುದಷ್ಟೇ ನಮ್ಮ ಕೆಲಸ. ಕೀಳುವುದು ಮಳೆಯ ಕೆಲಸ.

ಉಗುರಿನಡಿಯ ಚೂರು ಬಿಟ್ಟುಬಂತು.

ಬಿಳಿ ಶರಟಿನ ತುಂಡು. ಅದರ ಮೇಲೊಂದು ಕರಿ ಗುಂಡಿ.

ತ್ರೈಚೊನನ್ನು ಕಂಡು ನಾನು ಓಡೇ ಎಂದು ಕಿರುಚಿದ್ದು ಅವಳು ಅದನ್ನು ಬಿಡಿಸುತ್ತಿದ್ದಾಗಲೇ! ರಟ್ಟೆ ಹಿಡಿದು ಎಳೆದೆ. ಒಂದು ಅಂಗಳ ದಾಟಿದೆವು. ಮೆಟ್ಟಿಲಿಳಿದೆವು. ಎದುರಿಗೆ ಹೋಟೆಲಿನ ಹಿಂಗೋಡೆ, ಅದರ ಬುಡದಲ್ಲಿ ಹಳೇ ಕಲ್ಲಿನ ರಾಶಿ. ದಾರಿಯೇ ಇಲ್ಲ!

"ಆ ಚೂರು ಕೊಡು." ತ್ರೈಚೊ ಏದುಸಿರು ಬಿಡುತ್ತಿದ್ದ. "ಸ್ಟಾಂಕಾ, ನೀನು ಸರಿ ಆಕಡೆ."

"ನನ್ನ ದಾಟಿ ಹೋಗು, ನೋಡೋಣ!"

ಸಲಾಕೆ ಮೇಲೆದ್ದಿತು. ಹುಡುಗಿ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದಳು.

"ಕೊಡಲ್ಲ. ಇದು ನಮ್ಮಪ್ಪ."

ಅವನು ಅವಳ ಮುಖವನ್ನೇ ನೋಡಿದ. ಸಲಾಕೆ ಇಳಿಯಿತು.

"ನೀನು... ಇಲಿಮರಿನಾ?"

ಹುಡುಗಿ ಗೋಡೆ ಹಿಡಿದುಕೊಂಡಳು. ಅಪ್ಪ ಇಲ್ಲವೆಂದು ಅವಳಿಗೆ ಖಚಿತವಾದದ್ದು ಆ ಒಂದು ಶಬ್ದದಿಂದ.

"ನಿನಗೆ ತಿಳಿಸಿದೀವಿ, ನೀನೇ ಬರಲ್ಲ ಅಂದೆ ಅಂದ್ರಲ್ಲಮ್ಮ ಧಣಿ! ಈ ಗೋಡೆಗೆ ಆಸರೆ ಕೊಡಬೇಕು ಅಂತ ನಿಮ್ಮಪ್ಪ ಬಡ್ಕೊಂಡ. ಹೋಟೆಲು ತೆರೆಯೋ ದಿನ ಹತ್ತಿರ ಬಂತು, ಕಟ್ಟು ಅಂದ್ರು. ಗೋಡೆ ಅವನ ಮೇಲೇ ಬಿತ್ತು. ಅವನಿಲ್ಲಿ ಕೆಲಸಕ್ಕೇ ಇರಲಿಲ್ಲ ಅಂದ್ಬಿಟ್ರು. ಬೆಳಗಾಗೋದರೊಳಗೆ ಮಣ್ಣು ಮಾಡಿದ್ವಿ. ಸ್ಮಶಾನದ ಮೂಲೇಲಿ ಒಂದು ಮರದ ಶಿಲುಬೆ... ನಲವತ್ತನೇ ದಿನದ ತಿಥಿಗೆ ನಮ್ಮ ಹುಡುಗರು ಕಾಗದ ಅಂಟಿಸಿದ್ರು. ಹರೀ ಅಂದ್ರು ಧಣಿ. ಹರಿದೆ."

"ಹಾಗಾದ್ರೆ ನನಗೆ ಮೆಸೇಜ್ ಮಾಡ್ತಿರೋದು ಯಾರು?"

ತ್ರೈಚೊ ನೆಲ ನೋಡಿದ. "ಅವನ ಫೋನು ಧಣಿ ಹತ್ರ ಇದೆ."

ಅವಳು ಅಳಲಿಲ್ಲ. ಫೋನು ತೆಗೆದು ಒತ್ತಿದಳು. *ಅಪ್ಪ, ನಾಳೆ ಬರ್ತೀಯಾ?*

ಸತ್ತವನಿಂದ ತಕ್ಷಣ ಉತ್ತರ ಬಂತು.

*ಇಲ್ಲ, ಪ್ರೀತಿಯ ಮಗಳೇ. ತುಂಬಾ ಕೆಲಸ.*

ಆಗ ಅತ್ತಳು! ಇಪ್ಪತ್ತರ ಹುಡುಗಿ, ಅಪ್ಪನನ್ನು ನುಂಗಿದ ಕಲ್ಲುಗಳ ಮೇಲೆ ಕೂತು, ಮಗುವಿನ ಹಾಗೆ ಬಾಯ್ತೆರೆದು ಅತ್ತಳು. ನನ್ನ ಸೊಂಟದಲ್ಲಿ ಪಿಸ್ತೂಲಿತ್ತು. ಅದರಿಂದ ಯಾರಿಗೆ ಏನು ಉಪಯೋಗ?

ಭಾನುವಾರ ಹೋಟೆಲು ತೆರೆಯಿತು. ಬ್ಯಾಂಡು, ಪಾದ್ರಿ, ಅಧಿಕಾರಿಗಳು. ಎಲ್ಲರ ಕೈಯಲ್ಲೂ ವೈನ್ ಗ್ಲಾಸು. ವೆಸೆಲಾ ನೇರ ನಡೆದು ಹೋಗಿ, ಹೊಸ ಬಣ್ಣದ ಬಾಗಿಲಿಗೆ ಅಂಟು ಬಳಿದು ಕಾಗದ ಅಂಟಿಸಿದಳು. ಬಿಳಿ ಶರಟು, ಕರಿ ಗುಂಡಿ. ಕೆಳಗೆ ಒಂದೇ ಸಾಲು: *ಈ ಗೋಡೆ ಕಟ್ಟುತ್ತಾ ಸತ್ತವನು.*

ಬ್ಯಾಂಡು ನಿಂತಿತು.

"ತ್ರೈಚೊ! ಕೀಳೋ ಅದನ್ನ!"

ತ್ರೈಚೊ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ಗೆಂಚೆವ್ ತಾನೇ ಕೈ ಎತ್ತಿದ. ಪಾದ್ರಿ ನೋಡುತ್ತಿದ್ದ. ಅಧಿಕಾರಿಗಳ ಹೆಂಡತಿಯರು ನೋಡುತ್ತಿದ್ದರು. ಅವನೂ ಇದೇ ಊರಲ್ಲಿ ಹುಟ್ಟಿದವನಲ್ಲವೇ... ಕೈ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಜೇಬಿಗೆ ಇಳಿಯಿತು.

ಸಂಜೆಯ ರೈಲಿಗೆ ಅವಳನ್ನು ಹತ್ತಿಸಿದೆ.

"ಊರೆಲ್ಲ ನೋಡಿದ ಹಾಗಾಯ್ತು ಅತ್ತೆ," ಎಂದಳು. ಮುಷ್ಟಿಯಲ್ಲಿ ಆ ಚೂರು ಹಾಗೇ ಇತ್ತು.

ದೂರು ಕೊಟ್ಟಿದ್ದೇವೆ. ತನಿಖೆ ನಡೆಯುತ್ತಿದೆಯಂತೆ! ಈ ದೇಶದಲ್ಲಿ ಬಡವನ ಸಾವಿನ ತನಿಖೆ ಯಾವಾಗಲೂ ನಡೆಯುತ್ತಲೇ ಇರುತ್ತದೆ. ಗೆಂಚೆವ್ ಮಾತ್ರ ದಿನಾ ಬೆಳಿಗ್ಗೆ ಹೊರಗೆ ಬಂದು ಆಕಾಶ ನೋಡುತ್ತಾನೆ.

ಈ ಬೇಸಿಗೆ ಪ್ಲೋವ್ದಿವ್‌ನಲ್ಲಿ ಇನ್ನೂ ಒಂದು ಹನಿ ಮಳೆ ಬಿದ್ದಿಲ್ಲ.